ಸ್ಪೇನ್ ಗೋಡೆಯ ಕೈಗುರುತು

ತರೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ಹೊಸ ಮನೆಯ ಒಳಗೆಲ್ಲ ಸ್ಪ್ಯಾನಿಷ್ ಶೈಲಿ ಬೇಕು ಅಂದರು. ಕಮಾನಿನ ಬಾಗಿಲು, ಕೆಂಪು ಮಣ್ಣಿನ ಟೈಲ್ಸ್, ಕಬ್ಬಿಣದ ತೂಗುದೀಪ, ಬಿಳಿ ಗೋಡೆ. ಗಾರೆ ಕೆಲಸ ನನ್ನದು ಮತ್ತು ನಮ್ಮ ಕೇರಿಯ ಗಂಗಕ್ಕನದು. ಅಭ್ಯಾಸದಂತೆ ಗೋಡೆಯನ್ನು ನುಣ್ಣಗೆ ತೀಡಿದರೆ ಯಜಮಾನರು ಬೈದರು.

"ನುಣುಪು ಬೇಡ ಕಣ್ರಪ್ಪಾ. ಸ್ಪೇನ್ ಮನೇಲಿ ಕೆಲಸದೋರ ಕೈಗುರುತು ಕಾಣ್ಬೇಕು. ಅದೇ ಅಂದ."

ಗಂಗಕ್ಕ ಕರಣೆ ಬದಿಗಿಟ್ಟು ಅಂಗೈಯಲ್ಲೇ ಗಾರೆ ಸವರಿದಳು. ಗೋಡೆ ತುಂಬ ಅವಳ ಬೆರಳು ಮೂಡಿದವು.

ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಿದ್ದರು. ಹೋದರೆ ಯಜಮಾನರು ಹೊಸ್ತಿಲಲ್ಲೇ ಅಡ್ಡ ನಿಂತರು. "ಪೂಜೆ ಆಗೋಯ್ತು. ಇನ್ನು ನಿಮ್ಮ ಕೇರಿಯೋರು ಒಳಗೆ ಬರೋ ಹಂಗಿಲ್ಲ. ಹಿಂದ್ಗಡೆ ಶೆಡ್ಡಲ್ಲಿ ಎಲೆ ಹಾಕ್ಸಿದೀನಿ."

ನನಗೆ ಮೈ ಉರಿಯಿತು. "ಗೋಡೆ ಸ್ಪೇನಿಂದ ತಂದ್ರಿ, ಹೊಸ್ತಿಲು ಮಾತ್ರ ನಿಮ್ಮ ಮುತ್ತಾತಂದೇ ಇಟ್ಕೊಂಡ್ರಾ?" ಅಂದೆ. ನೆಂಟರೆಲ್ಲ ತಿರುಗಿ ನೋಡಿದರು.

"ಲೇ, ಮೆತ್ತಗೆ ಮಾತಾಡೋ" ಅಂತ ಅವರು ಗದರುವಷ್ಟರಲ್ಲಿ ಗಂಗಕ್ಕ ಅವರನ್ನು ದಾಟಿ ಒಳಗೆ ನಡೆದಳು. ಗೋಡೆಯ ಮೇಲಿನ ಬೆರಳ ಗುರುತಿಗೆ ತನ್ನ ಬೆರಳು ಕೂರಿಸಿ ನಿಂತಳು.

"ನಾನು ಆಗ್ಲೇ ಒಳಗಿದೀನಿ ಯಜಮಾನ್ರೇ. ನನ್ನ ಹೊರಗೆ ಹಾಕ್ಬೇಕಂದ್ರೆ ಗೋಡೆ ಕೆರೀರಿ."

ಯಾರೂ ಕೆರೆಯಲಿಲ್ಲ. ಶೆಡ್ಡಿನ ಎಲೆ ತಂದು ಹಾಕಿಕೊಂಡು ಕಮಾನಿನ ಕೆಳಗೇ ಕೂತು ಇಬ್ಬರೂ ಹೋಳಿಗೆ ಉಂಡೆವು. ಸ್ಪೇನಿನಲ್ಲಿ ಹೋಳಿಗೆಗೆ ತುಪ್ಪ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ತುಪ್ಪ ಬಡಿಸುವವನು ನಮ್ಮಿಬ್ಬರ ಎಲೆ ದಾಟಿ ಹೋದ. ಕೂಗಿ ಕರೆದು ಹಾಕಿಸಿಕೊಂಡೆ.