ಮಣ್ಣಿಗೆ ಬರ್ರಿ ಎಂದವರು

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಎರಡು ಬಣ್ಣದ ಮಣ್ಣು ಕೂತಿರುತ್ತಿತ್ತು. ಯಾವಗಲ್ಲಿನ ಕಪ್ಪು, ಗಜೇಂದ್ರಗಡದ ಗುಡ್ಡದ ಕಡೆಯ ಕೆಂಪು. ನಮಾಜಿಗೆ ಮುಂಚೆ ನಮ್ಮ ಹಿತ್ತಲಲ್ಲಿ ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಇರಲಿ ಬಿಡು, ಕೊನೆಗೆ ಹೇಗೂ ಬೇಕಾಗುತ್ತದೆ ಎಂದು ನಗುತ್ತಿದ್ದರು. ನಾವು ಅವರನ್ನು ಗೌಂಡಿ ಕಾಕಾ ಎನ್ನುತ್ತಿದ್ದೆವು. ಯಾವಗಲ್ಲಿನವರು. ಕಲ್ಲು ಮಣ್ಣಿನ ಗೋಡೆ ಕಟ್ಟುವುದು ಅವರ ಮನೆತನದ ಕಸುಬು.

ಅವರಿಗೊಂದು ಚಾಳಿಯಿತ್ತು. ಯಾರ ಮನೆಗೆ ಹೋದರೂ ಅಳತೆಯ ಟೇಪು ಬಿಚ್ಚುವ ಮೊದಲು, ಮನೆಯಲ್ಲಿ ಯಾರು ಎಲ್ಲಿ ಕೂಡುತ್ತೀರಿ ಎಂದು ಕೇಳುವುದು. ಅಜ್ಜ ತಂಬಾಕು ತಿಕ್ಕುವುದೆಲ್ಲಿ, ಸೊಸೆ ಜೋಳ ಹಸನು ಮಾಡುವುದೆಲ್ಲಿ, ಸಿಟ್ಟು ಬಂದವರು ಹೋಗಿ ಕೂರುವುದೆಲ್ಲಿ. ಗೋಡೆ ಕಟ್ಟು ಎಂದರೆ ಮನೆಯವರ ಜಾತಕ ಕೇಳುತ್ತಾನೆ ಎಂದು ನಮ್ಮೂರು ಸವಡಿಯ ಜನ ಆಡಿಕೊಳ್ಳುತ್ತಿದ್ದರು. ನಾನೂ ನಕ್ಕವಳೇ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಅಜ್ಜನ ಮಣ್ಣಿನ ಮಾಳಿಗೆ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದ್ದ. ಓಣಿಯಲ್ಲಿ ಮೊದಲ ಸ್ಲ್ಯಾಬು ನಮ್ಮದು. ಆ ಮನೆಗೆ ಬಂದ ಎರಡನೇ ವರ್ಷ ನನ್ನ ತಮ್ಮ ಮೆದುಳು ಜ್ವರದಿಂದ ತೀರಿಕೊಂಡ. ಒಂಬತ್ತು ವರ್ಷದವನು. ಅವ್ವನಿಗೆ ಎಚ್ಚರ ತಪ್ಪಿತು. ಕಣ್ಣು ಬಿಡುವಷ್ಟರಲ್ಲಿ ಅವನನ್ನು ಒಯ್ದು ಮಣ್ಣು ಮಾಡಿ ಬಂದಿದ್ದರು.

ಅಂದಿನಿಂದ ಅವಳು ಹಿಂದಿನ ಕೋಣೆ ಸೇರಿದಳು. ಅದರ ಒಂದೇ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಒಂದು ಮೊಳ ದೂರ. ಹಗಲಲ್ಲೂ ಬಲ್ಬು ಉರಿಯಬೇಕು. ಧಾರವಾಡದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಳಕಿರುವ ಕಡೆ, ನಾಲ್ಕು ಜನ ಓಡಾಡುವ ಕಡೆ ಕೂರಿಸಿ ಎಂದರು. ಅಪ್ಪ ತಲೆಯಾಡಿಸಿ ಬಂದ. ಅಷ್ಟು ಆಸೆಪಟ್ಟು ಕಟ್ಟಿಸಿದ ಮನೆಯಲ್ಲಿ ಅಂಥ ಜಾಗವೇ ಇರಲಿಲ್ಲ. ಅವಳನ್ನೂ ಕಳೆದುಕೊಳ್ಳುತ್ತೇವೆಂಬ ಹೆದರಿಕೆ ನನಗೆ. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಆ ಕೋಣೆಯ ಬಾಗಿಲು ನೂಕಿ ನೋಡುತ್ತಿದ್ದೆ.

ಕಾಕಾ ಬಂದದ್ದು ಬಚ್ಚಲ ಸೋರಿಕೆ ನಿಲ್ಲಿಸಲು. ಬಂದವರು ಅದೇ ಪ್ರಶ್ನೆ ಕೇಳಿದರು. ನಾನು ಅವ್ವನ ಕೋಣೆ ತೋರಿಸಿದೆ. ಹೊಸ್ತಿಲಲ್ಲಿ ಬಹಳ ಹೊತ್ತು ನಿಂತು ನೋಡಿ, ಹೊರಗೆ ಬಂದು ಅಪ್ಪನಿಗೆ ಹೇಳಿದರು:

"ಇಲ್ಲಿ ಹೊತ್ತ ಏರಿದ್ದೂ ಗೊತ್ತಾಗೂದಿಲ್ಲ, ಇಳದದ್ದೂ ಗೊತ್ತಾಗೂದಿಲ್ಲ. ದುಃಖದಾಗ ಇದ್ದವರಿಗೆ ಇವತ್ತಿಂದು ಮುಗೀತು ಅನ್ನೂದರ ಗೊತ್ತಾಗಬೇಕ್ರಿ. ಗುಳಿಗಿ ಬಿಡಸಬ್ಯಾಡ್ರಿ, ಅದು ಡಾಕ್ಟರ ಕೆಲಸ. ನಂದು ಜಾಗಾದ ಕೆಲಸ."

ಹಿತ್ತಲಲ್ಲಿ ಅಜ್ಜನ ಮನೆಯ ಗೋಡೆಯ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು, ಮೇಲೆ ಕಸ ಬೆಳೆದಿತ್ತು. ಅದರಿಂದಲೇ ಬೇವಿನ ಗಿಡದ ಪಕ್ಕ, ಓಣಿಗೆ ಕಾಣುವಂತೆ ಒಂದು ಪಡಸಾಲೆ ಕಟ್ಟುವ ಮಾತು ತೆಗೆದರು. ಕೆಡವಿದ ಮಣ್ಣನ್ನೇ ಮತ್ತೆ ಎಬ್ಬಿಸಿದರೆ ಓಣಿ ನಗುತ್ತದೆ ಎಂದ ಅಪ್ಪ. "ಮಣ್ಣ ಸಾಯೂದಿಲ್ರಿ. ನೀರ ಕುಡಿಸಿ ತುಳದ್ರ ಮತ್ತ ಎದ್ದ ನಿಂದರತೈತಿ" ಎಂದರು ಕಾಕಾ. ವಾದ ಮಾಡುವ ತ್ರಾಣ ಅಪ್ಪನಲ್ಲೂ ಉಳಿದಿರಲಿಲ್ಲ. ಹ್ಞೂಂ ಎಂದ.

ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹೊಯ್ದು ಎಂಟು ದಿನ ಕೊಳೆಹಾಕಿದರು. ಎಂಟನೆಯ ಸಂಜೆ ಬಾಗಿಲಲ್ಲಿ ನಿಂತು, ಅವ್ವನ ಕೋಣೆಯ ಕಡೆ ಕೈ ಮಾಡಿ, "ನಾಳಿ ತಂಗೆವ್ವ ಮಣ್ಣಿಗೆ ಬರ್ಲಿ" ಎಂದರು.

ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಹೆಣದ ಹಿಂದೆ ಹೋಗುವುದು. ಅಪ್ಪ ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತ. ಆಡಿದ ಮಾತು ಕಾಕಾನಿಗೆ ಆಗಷ್ಟೇ ತಿಳಿಯಿತು. ಮುಖ ಸಣ್ಣದಾಯಿತು, ತುಳಿಯುವುದಕ್ಕೆ ಅಂದದ್ದು ಎಂದು ತಡವರಿಸಿದರು. ಆಗ ಕೋಣೆಯೊಳಗಿನಿಂದ, ಎಷ್ಟೋ ತಿಂಗಳ ಮೇಲೆ, ಅವ್ವನ ದನಿ ಬಂತು.

"ಬರ್ತೀನಣ್ಣಾ. ಅವತ್ತ ನನ್ನ ಯಾರೂ ಕರೀಲಿಲ್ಲ."

ಮರುದಿನ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ನಾಲ್ಕು ಹೆಜ್ಜೆ ತುಳಿದು ದೊಡ್ಡ ದನಿ ತೆಗೆದು ಅತ್ತಳು. ಮಗ ಹೋದ ಮೇಲೆ ಅತ್ತದ್ದು ಅದೇ ಮೊದಲು. ಸಮಾಧಾನ ಮಾಡಲು ಓಡಿದ ನನ್ನನ್ನು ಕಾಕಾ ಕೈ ಅಡ್ಡ ಹಿಡಿದು ತಡೆದರು. ಆಮೇಲೆ ಅವಳಿಗೆ ಬೆನ್ನು ಮಾಡಿ ಕೊಡದಿಂದ ನೀರು ಹೊಯ್ಯುತ್ತ ಉಳಿದರು. ಅವಳು ಮಧ್ಯಾಹ್ನದವರೆಗೂ ಅಳುತ್ತ ತುಳಿದಳು.

ಪಡಸಾಲೆ ಎದ್ದಿತು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಿಗ್ಗೆ ಗೋಡೆಯ ಮೇಲೆ ಬಿದ್ದ ಬಿಸಿಲು ಸಂಜೆಗೆ ಇನ್ನೊಂದು ಗೋಡೆ ಹತ್ತಿ ಹೋಗುತ್ತಿತ್ತು. ಅವ್ವ ಮೊದಲಿನವಳಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಕೂತು ಪಲ್ಲೆ ಸೋಸಿದಳು, ಹೋಗುವವರನ್ನು ಕರೆದು ಮಾತಾಡಿಸಿದಳು. ಬಿಸಿಲು ಗೋಡೆ ಬಿಟ್ಟ ಮೇಲೆ ಎದ್ದು ದೀಪ ಹಚ್ಚಿದಳು. ನಾನು ಬಾಗಿಲು ನೂಕಿ ನೋಡುವುದನ್ನು ಬಿಟ್ಟೆ.

ಆ ದಶಕದ ಕೊನೆಯ ದೊಡ್ಡ ಮಳೆಯಲ್ಲಿ ಕಲ್ಲಿನ ತಳಪಾಯದ ಮೇಲಿದ್ದ ನಮ್ಮ ಪಡಸಾಲೆ ಉಳಿಯಿತು. ಯಾವಗಲ್ಲಿನಲ್ಲಿ ಹಳ್ಳದ ನೀರು ನುಗ್ಗಿ ಕಾಕಾನ ಮನೆಯೇ ಕುಸಿಯಿತು. ಊರವರ ಗೋಡೆ ಕಟ್ಟಿದವನದೇ ಬಿತ್ತು ನೋಡು ಎಂದು ಜನ ಅವರ ಎದುರಿಗೇ ಅಂದರು. ಆಮೇಲೆ ಅವರಿಗೆ ಮಣ್ಣಿನ ಕೆಲಸ ಯಾರೂ ಹೇಳಲಿಲ್ಲ. ಮನೆ ಬಿದ್ದವರಿಗೆಂದು ಹೊಸ ಜಾಗದಲ್ಲಿ ಸಾಲಾಗಿ ಕಟ್ಟಿದ ಸಿಮೆಂಟಿನ ಒಂದು ಕೋಣೆಗೆ ಹೋದರು. ಮೇಲೆ ತಗಡು. ಹೆಂಡತಿ ಮೊದಲೇ ತೀರಿದ್ದರು.

ನಾನಾಗ ಬೆಳವಣಕಿಯಲ್ಲಿ ಶಾಲೆಯ ಮಾಸ್ತರಿಕೆ ಮಾಡುತ್ತಿದ್ದೆ. ಅವ್ವನನ್ನು ಕರೆದುಕೊಂಡು ನೋಡಲು ಹೋದೆ. ಗೋಡೆಗೆ ಮುಖ ಮಾಡಿ ಕೂತಿದ್ದರು. ಹಿಮ್ಮಡಿ ಬಿಳಿಚಿಕೊಂಡು ಒಣಗಿತ್ತು, ಬಿರುಕಿನಲ್ಲಿ ಮಣ್ಣಿರಲಿಲ್ಲ. ಬಿದ್ದ ಗೋಡೆಯ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಎಲ್ಲಿಗೆ ಒಯ್ದರೆಂದು ಒಂದೇ ಸಮನೆ ವಿಚಾರಿಸಿದರು. ನಮ್ಮ ಪಡಸಾಲೆಗೆ ಬಂದು ನಾಲ್ಕು ದಿನ ಇರು ಎಂದು ಅವ್ವ ಕರೆದಳು. ದಸರೆ ರಜೆಗೆ ನಾನೇ ಬಂದು ಕರೆದೊಯ್ಯುತ್ತೇನೆ ಎಂದೆ. ಪರೀಕ್ಷೆ, ಪೇಪರು ಎಂದು ದಸರೆ ಕಳೆಯಿತು, ದೀಪಾವಳಿಯೂ ಕಳೆಯಿತು. ಆಮೇಲೆ ಸುದ್ದಿಯೇ ಬಂತು.

ಅಪ್ಪ ಮಣ್ಣಿಗೆ ಹೊರಟಾಗ ಅವ್ವ ಪಡಸಾಲೆಯ ಗೋಡೆಯನ್ನು ಉಗುರಿನಿಂದ ಕೆರೆದು ಒಂದು ಹಿಡಿ ಮಣ್ಣು ಕಟ್ಟಿಕೊಟ್ಟಳು. ಆ ಕೆರೆದ ಗುಳಿ ಇನ್ನೂ ಹಾಗೇ ಇದೆ, ಮುಚ್ಚಲು ಅವಳು ಬಿಟ್ಟಿಲ್ಲ.

ಹತ್ತಾರು ಊರುಗಳಲ್ಲಿ ಎಲ್ಲರನ್ನೂ ಅವರು ಒಂದೇ ಪ್ರಶ್ನೆ ಕೇಳಿದ್ದರು. ಅಂದು ಆ ತಗಡಿನ ಕೆಳಗೆ ಅರ್ಧ ತಾಸು ಕೂತಿದ್ದೆ. ಕಾಕಾ, ನೀವೆಲ್ಲಿ ಕೂಡ್ತೀರಿ ಎಂದು ನಾನು ಕೇಳಲಿಲ್ಲ.