ಜಂಬಮ್ಮನ ಸಕ್ಕರೆ

ದೇವದುರ್ಗದಿಂದ ಹೊರಟ ಬಸ್ಸು ಸಿರವಾರ ಮುಟ್ಟುವುದರೊಳಗೆ ಕಂಡಕ್ಟರನೂ ನಮ್ಮ ಓಣಿಯ ಜಂಬಮ್ಮನಿಗೆ ಬೀಗನಾಗಿರುತ್ತಿದ್ದ. ನಂಟು ಹುಡುಕಿ ಮದುವೆ ಕೂಡಿಸುವುದೇ ಅವಳ ಹುಚ್ಚು. “ಮನಿ ಹುಡುಗಿ ಮನ್ಯಾಗ ಇರಬೇಕ್ರೀ” ಎನ್ನುತ್ತ ಮಗಳ ಮಗಳನ್ನು ತನ್ನ ಮಗನಿಗೇ ತಂದುಕೊಂಡಳು. ಅವರ ಕೂಸಿನ ಕೈಯಲ್ಲಿ ಆರು ಬೆರಳು ಕಂಡು “ಭಾಗ್ಯವಂತ!” ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಎದೆಗೂಡು ಮಾತ್ರ ಉಸಿರಿಗೆ ಸಾಲದಷ್ಟು ಕಿರಿದಾಗಿತ್ತು, ಕೂಸು ಉಳಿಯಲಿಲ್ಲ. ಜೀವಕೋಶಗಳ ಮೇಲಿರುವ, ಕಣ್ಣಿಗೆ ಕಾಣದ ಕೂದಲಿನಂಥ ಎಳೆಗಳು ಕೆಟ್ಟು ಎಲುಬಿಗೆ ‘ಬೆಳೆ’ ಎಂಬ ಸುದ್ದಿ ಮುಟ್ಟಿಲ್ಲ, ಆರನೇ ಬೆರಳೂ ಅದರದೇ ಗುರುತು, ಒಂದೇ ರಕ್ತದ ತಂದೆ-ತಾಯಿ ಇಬ್ಬರಿಂದಲೂ ಆ ದೋಷ ಬಂದಿದೆ ಎಂದರು ರಾಯಚೂರಿನ ಡಾಕ್ಟರು. ಈಗಲೂ ಮದುವೆ ಮಾತು ಬಂದರೆ ಜಂಬಮ್ಮ ಗಂಡು-ಹೆಣ್ಣಿನ ನಡುವಿನ ನಂಟು ಕೆದಕುತ್ತಾಳೆ. ರಕ್ತದ ನಂಟು ಸಿಕ್ಕರೆ “ಬ್ಯಾಡ್ರೀ, ದೂರದಾಗ ನೋಡ್ರಿ” ಎಂದು ಎದ್ದುಬಿಡುತ್ತಾಳೆ. ತನ್ನ ಚಹಾಕ್ಕೆ ಸಕ್ಕರೆ ಹಾಕಗೊಡುವುದಿಲ್ಲ. “ಯವ್ವಾ, ಶುಗರ್ ಅದ ಏನು?” ಎಂದು ಕೇಳಿದರೆ, “ಇಲ್ಲ ತಂಗಿ, ನನ್ನ ಪಾಲಿನ ಸಕ್ಕರಿ ಆ ಬೆರಳು ನೋಡಿದ ದಿನಾನ ಹಂಚಿ ಮುಗಿಸೀನಿ” ಎನ್ನುತ್ತಾಳೆ.