ತಗಡಿನ ಬೇಲಿ ದಾಟಿದ ಹಾಗಲಬಳ್ಳಿ

ಹಾಗಲಕಾಯಿ ಉಪ್ಪಿನಕಾಯಿಯ ವಾಸನೆ ಬಂದರೆ ಈಗ ನಾನು ಊಟ ಬಿಟ್ಟು ಏಳುತ್ತೇನೆ. ಕಾಯಿಯ ತಪ್ಪಲ್ಲ, ಅದು ನನ್ನದೇ ನಾತ.

ನಾವು ಬಂದು ನೆಲೆಸಿದ ಪರದೇಶದ ಈ ಸ್ಕೋಫೀಲ್ಡ್ಸ್‌ನಲ್ಲಿ ನಮಗೂ ಪಕ್ಕದವರಿಗೂ ನಡುವೆ ಒಂದೇ ತಗಡಿನ ಬೇಲಿ. ಆಚೆ ಲಾಹೋರಿನವರೊಬ್ಬರು, ನನ್ನದೇ ವಯಸ್ಸು. ಅವರು ನೆಟ್ಟ ಹಾಗಲಬಳ್ಳಿ ಬೇಲಿ ಹತ್ತಿ ನಮ್ಮ ಹಿತ್ತಲಿಗೆ ಇಳಿಯುತ್ತಿತ್ತು. "ಭಾಯ್‌ಸಾಬ್, ನಿಮ್ಮ ಕಡೆ ಬಂದದ್ದು ನಿಮ್ಮದೇ," ಎಂದು ಹಿಂದಿಯಲ್ಲಿ ಹೇಳಿದ್ದರು. ನಾನು ಹಾಕಿದ ಬದನೆ, ಮೆಣಸು ಯಾವುದೂ ಆ ಜೇಡಿಮಣ್ಣಿನಲ್ಲಿ ಏಳಲಿಲ್ಲ. ಸಂಜೆ ಇಟ್ಟಿಗೆಗಳ ಮೇಲೆ ನಿಂತು, ಬೇಲಿಯ ಮೇಲಿಂದ ತಲೆ ಹಾಕಿ ಅವರೊಡನೆ ಹರಟುತ್ತಿದ್ದೆ. ಈ ಊರಿನಲ್ಲಿ ನನಗಿದ್ದ ಗೆಳೆಯ ಅವರೊಬ್ಬರೇ.

ಅವರ ತವರಿಗೂ ನಮ್ಮ ತವರಿಗೂ ನಡುವಿನ ಗಡಿಯಲ್ಲಿ ಗುಂಡಿನ ಸದ್ದು ಕೇಳತೊಡಗಿದಾಗ ನಮ್ಮ ಕನ್ನಡ ಹಿರಿಯರ ವಾಟ್ಸಾಪ್ ಗುಂಪಿಗೆ ಜ್ವರ ಏರಿತು. ಮಹಾಯುದ್ಧದ ಕಾಲದಲ್ಲಿ ಈ ದೇಶದವರು ಹಿತ್ತಲಲ್ಲಿ ತರಕಾರಿ ಬೆಳೆದು, ಬಾಟಲಿಗೆ ತುಂಬಿ ಯುದ್ಧಕ್ಕೆ ನೆರವಾಗಿದ್ದರಂತೆ. ನಾವೂ ಹಿತ್ತಲಲ್ಲಿ ಬೆಳೆದದ್ದನ್ನೇ ಉಪ್ಪಿನಕಾಯಿ ಹಾಕಿ ಯೋಧರ ಕುಟುಂಬಗಳಿಗಾಗಿ ಮಾರೋಣ ಎಂದಾಯಿತು. ಅಂಗಡಿಯ ಕಾಯಿ ಕೂಡದು.

ನನ್ನ ಹಿತ್ತಲಲ್ಲಿ ಇದ್ದದ್ದು ಆ ಬಳ್ಳಿಯ ಕೊನೆಯ ಕಾಯಿಗಳು ಮಾತ್ರ.

"ಬಳ್ಳಿ ಯಾರದು ಅಂತ ಅಲ್ಲೆ ಹೇಳ್ತೀರೇನು?" ಹೋಳು ಹೆಚ್ಚುತ್ತಾ ಹೆಂಡತಿ ಕೇಳಿದಳು. ಎಷ್ಟು ವರ್ಷವಾದರೂ ಅವಳ ಮಾತಿನಿಂದ ಧಾರವಾಡ ಹೋಗಿಲ್ಲ.

"ನಮ್ಮ ಕಡೆ ಬಂದದ್ದು ನಮ್ಮದ."

"ಹಂಗಾರ ಗಡ್ಯಾಗ ಸೈನ್ಯ ಯಾಕ್ರೀ ಬೇಕು? ಒಂದು ಹಾಗಲಬಳ್ಳಿ ಹಚ್ಚಿದ್ರ ಸಾಕಲ್ಲ!"

ನಾನು ಬಾಟಲಿಗಳಿಗೆ ಬಾವುಟದ ಚೀಟಿ ಅಂಟಿಸುತ್ತಾ ಕುಳಿತೆ.

ಮಾರಾಟ ಒಂದು ಶಾಲೆಯ ಸಭಾಂಗಣದಲ್ಲಿ. "ಅಂಕಲ್, ನೀವೇ ರಿಯಲ್ ಸೋಲ್ಜರ್!" ಎಂದು ಮೈಕ್ ಹಿಡಿದಿದ್ದ ಬೆಂಗಳೂರಿನ ಹುಡುಗಿ ಕರೆದಳು. ಚಪ್ಪಾಳೆಯ ಅಮಲಿನಲ್ಲಿ ನಾನೂ ಮೈಕ್ ಹಿಡಿದು, ಶತ್ರುವಿನ ಮನೆಯ ನೀರು ಕೂಡ ನಮಗೆ ವಿಷ ಎಂದೆ. ಬೆವರುವಷ್ಟು ಕೂಗಿದೆ.

ಇಳಿದು ಬಂದರೆ ನನ್ನ ಮೇಜಿನ ಮುಂದೆ ಪಕ್ಕದ ಮನೆಯವರು ನಿಂತಿದ್ದರು. ಉಪ್ಪಿನಕಾಯಿ ಮಾರಾಟವಿದೆ ಎಂದು ನಾನೇ ಹೇಳಿದ್ದೆ. ಯಾತಕ್ಕೆ ಎಂದು ಹೇಳಿರಲಿಲ್ಲ. ಬಾಟಲಿ ಎತ್ತಿ ಹಿಡಿದು, "ಭಾಯ್‌ಸಾಬ್, ನಮ್ಮ ಕರೇಲಾಕ್ಕೆ ಏನು ಬಣ್ಣ ಬಂದಿದೆ!" ಎಂದು ತಮ್ಮ ಹಾಗಲವನ್ನು ಕಂಡು ಲಾಹೋರಿನ ಧಾಟಿಯ ಹಿಂದಿಯಲ್ಲಿ ಹಿಗ್ಗಿದರು.

ಸುತ್ತ ಇದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಅಂಕಲ್, ಇವ್ರು ನಿಮಗೆ ಗೊತ್ತಾ?" ಹುಡುಗಿ ಕೇಳಿದಳು.

"ಇಲ್ಲಮ್ಮ. ಯಾರೋ," ಎಂದು ಅಡ್ಡಡ್ಡ ತಲೆಯಾಡಿಸಿದೆ.

ಅವರಿಗೆ ಕನ್ನಡ ಬಾರದು. ನನ್ನ ತಲೆ ಆಡಿದ್ದು ಕಂಡಿತು. ಬಾಟಲಿಯನ್ನು ಇದ್ದ ಜಾಗದಲ್ಲೇ, ಬಾವುಟ ಎದುರಿಗೆ ಕಾಣುವಂತೆ ಇಟ್ಟು ಹೊರಟುಹೋದರು. ನಾನು ಆ ಬಾಟಲಿಯನ್ನೂ ಮಾರಿದೆ.

ಈ ಬೇಸಿಗೆಯಲ್ಲೂ ಬಳ್ಳಿ ನಮ್ಮ ಕಡೆ ಇಳಿದಿದೆ. ಅವರು ಕತ್ತರಿಸಿಲ್ಲ. ನಾನು ಕೀಳುವುದಿಲ್ಲ. ಕಾಯಿಗಳು ಹಳದಿಯಾಗಿ, ಬಾಯಿ ಬಿಟ್ಟು, ಕೆಂಪು ಬೀಜ ಕಾರಿ ನೆಲದಲ್ಲಿ ಕೊಳೆಯುತ್ತಿವೆ, ಮೇಲೆ ನೊಣ.

"ತಪ್ಪಾತು ಅಂದ್ರ ಬಾಯಿ ಹರೀತದೇನು?" ಎನ್ನುತ್ತಾಳೆ ಹೆಂಡತಿ.

ನಿನ್ನೆ ಸಂಜೆ ಆಚೆ ಬಳ್ಳಿಗೆ ನೀರು ಬಿಡುವ ಸದ್ದು ಕೇಳಿತು. ಇಟ್ಟಿಗೆ ಹತ್ತಿ, ಬೇಲಿಯ ಮೇಲೆ ತಲೆ ಎತ್ತಲಾರದೆ, "ಭಾಯ್‌ಸಾಬ್..." ಎಂದೆ. ನೀರು ನಿಂತಿತು. ಆಮೇಲೆ ಬಾಗಿಲು ಎಳೆದುಕೊಂಡ ಸದ್ದು. ಇಳಿಯುವಾಗ ಕೊಳೆತ ಕಾಯಿಯ ಮೇಲೆ ಕಾಲಿಟ್ಟೆ.